ಎರಡು ಭಾಷೆಯ ತರಗತಿ, ಒಬ್ಬರೇ ಟೀಚರು

ಗಣಿತದ ಪುಸ್ತಕ ತೆರೆದರೆ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. ಟೀಚರು ಇಂಗ್ಲಿಷಿನ ಒಂದು ವಾಕ್ಯ ಓದುತ್ತಾರೆ, ಅದನ್ನೇ ಕನ್ನಡದಲ್ಲಿ ಹೇಳುತ್ತಾರೆ. ಮತ್ತೆ ಇಂಗ್ಲಿಷಿನದೊಂದು ವಾಕ್ಯ, ಮತ್ತೆ ಅದರ ಕನ್ನಡ. ಹಿಂದಿನ ಸಾಲಿನಲ್ಲಿ ಕೂತು ಮಕ್ಕಳ ಮುಖ ನೋಡಿದರೆ ಸ್ವಲ್ಪ ಹೊತ್ತಿನಲ್ಲೇ ಒಂದು ಸಂಗತಿ ಗೊತ್ತಾಗುತ್ತದೆ. ಇಂಗ್ಲಿಷ್ ನಡೆಯುವಾಗ ಅವರ ಕಣ್ಣು ಕಿಟಕಿಯಾಚೆ ಇರುತ್ತದೆ, ಇಲ್ಲವೇ ಪಕ್ಕದವನ ಜಾಮಿಟ್ರಿ ಬಾಕ್ಸಿನ ಮೇಲಿರುತ್ತದೆ. ಕನ್ನಡ ಶುರುವಾದ ಕೂಡಲೇ ವಾಪಸು ಬರುತ್ತದೆ. ಹೇಗೂ ಕನ್ನಡದಲ್ಲಿ ಬರುತ್ತದೆ ಎಂದು ಗೊತ್ತಿರುವಾಗ ಇಂಗ್ಲಿಷಿಗೆ ಕಿವಿ ಕೊಡುವ ಕಷ್ಟ ಯಾಕೆ? ಮಕ್ಕಳು ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ಇದ್ದಾರೆ.

ಕ್ಯಾಲಿಫೋರ್ನಿಯಾದ ಭಾಷಾವಿಜ್ಞಾನಿ ಲಿಲಿ ವಾಂಗ್ ಫಿಲ್ಮೋರ್ 1980ರ ದಶಕದಲ್ಲಿ ಎರಡು ಭಾಷೆಯ ತರಗತಿಗಳಲ್ಲಿ ಕೂತು ಇದನ್ನೇ ಗುರುತಿಸಿದ್ದರು. ವಾಕ್ಯಕ್ಕೊಂದು ಅನುವಾದ ಕೊಡುತ್ತ ಹೋದರೆ ಮಕ್ಕಳು ತಮಗೆ ಬರದ ಭಾಷೆಯನ್ನು ಕೇಳುವುದನ್ನೇ ಬಿಡುತ್ತಾರೆ. ಅಷ್ಟೇ ಅಲ್ಲ, ಆ ಭಾಷೆಯನ್ನು ಮಕ್ಕಳಿಗೆ ತಿಳಿಯುವಂತೆ ಬಿಡಿಸಿ, ಕೈಸನ್ನೆ ಮಾಡಿ, ವಸ್ತು ತೋರಿಸಿ ಹೇಳುವ ಗೋಜಿಗೆ ಶಿಕ್ಷಕರೂ ಹೋಗುವುದಿಲ್ಲ. ಎರಡೂ ಭಾಷೆ ಕೇಳಿಸಿದ ತರಗತಿಯಲ್ಲಿ ಒಂದೇ ಭಾಷೆ ಕಲಿತಂತಾಗುತ್ತದೆ.

ನಮ್ಮ ಟೀಚರಿಗೆ ತರಬೇತಿ ಆಗಿರಲಿಲ್ಲವೇ ಎಂದರೆ, ಆಗಿತ್ತು. ಇಂಗ್ಲಿಷಿನಲ್ಲಿ ಧೈರ್ಯವಾಗಿ ಮಾತಾಡುವುದು ಹೇಗೆ, ತರಗತಿಯಲ್ಲಿ ಬಳಸುವ ಸೂಚನೆಗಳು ಯಾವುವು, ಉಚ್ಚಾರಣೆ ಎಲ್ಲಿ ತಪ್ಪುತ್ತದೆ, ಇವೆಲ್ಲ ಹೇಳಿಕೊಟ್ಟಿದ್ದರು. ಎರಡೂ ಭಾಷೆ ಬಳಸಿ ಎಂದೂ ಹೇಳಿದ್ದರು. ಯಾವ ಹೊತ್ತಿಗೆ ಯಾವುದು, ಒಂದರಿಂದ ಇನ್ನೊಂದಕ್ಕೆ ದಾಟುವುದು ಹೇಗೆ, ದಾಟಬಾರದ್ದು ಯಾವಾಗ ಎಂಬುದನ್ನು ಯಾರೂ ಹೇಳಿರಲಿಲ್ಲ. ಆ ‘ಹೇಗೆ’ ಎಂಬುದೇ ಒಂದು ಕಸುಬು. ಎರಡು ಭಾಷೆಯಲ್ಲಿ ಶಾಲೆ ನಡೆಸಲು ಹೊರಟ ದೇಶಗಳೆಲ್ಲ ಈ ಕಸುಬನ್ನು ಹೇಗೆ ಕಲಿಸುವುದು ಎಂದು ಒದ್ದಾಡಿವೆ. ಅವರ ಒದ್ದಾಟದಿಂದ ನಮಗೆ ಸಿಗುವುದೇನು, ನಮ್ಮಲ್ಲೇ ಇದ್ದು ನಾವು ಮರೆತಿರುವುದೇನು ಎಂದು ನೋಡಬೇಕೆನ್ನಿಸಿ ಈ ಲೇಖನ.

ಕರ್ನಾಟಕದಲ್ಲಿ ಮಾಧ್ಯಮದ ಜಗಳ ಹಳೆಯದು. ಗೋಕಾಕ್ ವರದಿ, 1982ರ ಚಳವಳಿ, ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂದ 1994ರ ಭಾಷಾನೀತಿ, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ 2014ರ ಮೇ 6ರ ತೀರ್ಪು, ಈ ಕಥೆ ಓದುಗರಿಗೆ ಗೊತ್ತಿರುವುದೇ. ಇದರ ನಡುವೆಯೇ 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯುವ ತೀರ್ಮಾನವಾದಾಗ ಸಾಹಿತಿಗಳು ಬೀದಿಗೆ ಬಂದರು, ಪೋಷಕರು ಸಾಲು ನಿಂತು ಮಕ್ಕಳನ್ನು ಸೇರಿಸಿದರು. ಈಚಿನ ವರ್ಷಗಳಲ್ಲಿ ‘ದ್ವಿಭಾಷಾ ಮಾಧ್ಯಮ’ ಎಂಬ ಹೆಸರಿನಲ್ಲಿ ಆ ವಿಭಾಗಗಳು ಹಳ್ಳಿ ಹಳ್ಳಿಗೂ ಹಬ್ಬುತ್ತಿವೆ. ಗಣಿತಕ್ಕೂ ಪರಿಸರ ಅಧ್ಯಯನಕ್ಕೂ ದ್ವಿಭಾಷಾ ಪುಸ್ತಕಗಳು ಬಂದಿವೆ. ಇದು ಸರಿಯೋ ತಪ್ಪೋ ಎಂಬ ವಾದ ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಆದರೆ ಆ ವಾದ ನಡೆಯುತ್ತಿರುವಾಗಲೇ ನಾಳೆ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಆ ಎರಡು ಭಾಷೆಯ ಪುಸ್ತಕ ಹಿಡಿದು ತರಗತಿಗೆ ಹೋಗಬೇಕಾದವರು ಒಬ್ಬರಿದ್ದಾರೆ. ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಟಿಸಿಎಚ್ ಅಥವಾ ಡಿ.ಇಡಿ. ಮುಗಿಸಿ, ಹದಿನೈದು ವರ್ಷ ಕನ್ನಡದಲ್ಲೇ ಪಾಠ ಮಾಡಿದವರು. ಮಾಧ್ಯಮದ ಚರ್ಚೆಯಲ್ಲಿ ಅತಿ ಕಡಿಮೆ ಕೇಳಿಸುವ ದನಿ ಅವರದು.

ಹೊರಗಿನ ಅನುಭವ ನೋಡೋಣ. ಅಮೆರಿಕದಲ್ಲಿ ಎರಡು ಭಾಷೆಯ ಸಾರ್ವಜನಿಕ ಶಿಕ್ಷಣದ ಈಗಿನ ಅಧ್ಯಾಯ ಶುರುವಾಗುವುದು ಫ್ಲಾರಿಡಾದ ಮಯಾಮಿಯಲ್ಲಿ, 1963ರಲ್ಲಿ, ಕೋರಲ್ ವೇ ಎಂಬ ಪ್ರಾಥಮಿಕ ಶಾಲೆಯಲ್ಲಿ. ಕ್ಯೂಬಾ ಕ್ರಾಂತಿಯ ನಂತರ ಊರು ಬಿಟ್ಟು ಬಂದ ಕುಟುಂಬಗಳ ಮಕ್ಕಳೂ ಇಂಗ್ಲಿಷ್ ಮನೆಮಾತಿನ ಮಕ್ಕಳೂ ಒಂದೇ ಶಾಲೆಯಲ್ಲಿ ಅರ್ಧ ದಿನ ಇಂಗ್ಲಿಷಿನಲ್ಲಿ, ಅರ್ಧ ದಿನ ಸ್ಪ್ಯಾನಿಷಿನಲ್ಲಿ ಕಲಿತರು. ಇಲ್ಲಿ ನನಗೆ ಮುಖ್ಯವೆನಿಸುವುದು ಶಿಕ್ಷಕರ ಜೋಡಣೆ. ಕ್ಯೂಬಾದಲ್ಲಿ ಪಾಠ ಮಾಡಿ ಅನುಭವವಿದ್ದ ನಿರಾಶ್ರಿತ ಶಿಕ್ಷಕಿಯರು ಸ್ಪ್ಯಾನಿಷ್ ಭಾಗ ನೋಡಿಕೊಂಡರು, ಅಮೆರಿಕದ ಶಿಕ್ಷಕಿಯರು ಇಂಗ್ಲಿಷ್ ಭಾಗ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಗಟ್ಟಿ. ಒಬ್ಬರಿಗೆ ಇನ್ನೊಬ್ಬರ ಭಾಷೆ ಕಲಿಸುವ ಭಾರ ಇರಲಿಲ್ಲ, ಇಬ್ಬರೂ ಕೂಡಿ ಪಾಠ ಯೋಜಿಸುವ ಭಾರ ಇತ್ತು.

ಈ ಜೋಡಿ ಪದ್ಧತಿಯನ್ನು ಒಂದು ರಾಜ್ಯದ ಮಟ್ಟದಲ್ಲಿ ಹರಡಿದ್ದು ಯೂಟಾ. 2008ರಲ್ಲಿ ಅಲ್ಲಿನ ಶಾಸನಸಭೆ ಕಾಯ್ದೆ ಮಾಡಿ ಚೀನೀ, ಸ್ಪ್ಯಾನಿಷ್, ಫ್ರೆಂಚ್ ಮುಂತಾದ ಭಾಷೆಗಳ ದ್ವಿಭಾಷಾ ಶಾಲೆಗಳಿಗೆ ಹಣ ಕೊಟ್ಟಿತು. ಪ್ರಾಥಮಿಕ ಹಂತದಲ್ಲಿ ಒಂದು ಗುಂಪಿಗೆ ಇಬ್ಬರು ಶಿಕ್ಷಕರು. ಬೆಳಿಗ್ಗೆ ಒಬ್ಬರ ಕೊಠಡಿ, ಮಧ್ಯಾಹ್ನ ಇನ್ನೊಬ್ಬರದು. ಬೆಳಿಗ್ಗೆ ಚೀನೀ ಭಾಷೆಯಲ್ಲಿ ಗಣಿತ ಕಲಿತ ಮಗು ಮಧ್ಯಾಹ್ನ ಇಂಗ್ಲಿಷ್ ಕೊಠಡಿಗೆ ಬಂದಾಗ ಅಲ್ಲಿನ ಶಿಕ್ಷಕಿಗೆ ಬೆಳಿಗ್ಗೆ ಏನಾಯಿತೆಂಬುದು ಗೊತ್ತಿರಬೇಕು. ಹೀಗಾಗಿ ಅಲ್ಲಿನ ಬೇಸಿಗೆಯ ವಾರ್ಷಿಕ ತರಬೇತಿಗಳಿಗಿಂತಲೂ ದೊಡ್ಡ ತರಬೇತಿ ಆ ಇಬ್ಬರು ದಿನವೂ ಆಡಿಕೊಳ್ಳುವ ಮಾತು ಎಂದು ನನಗನ್ನಿಸುತ್ತದೆ. ವಾಷಿಂಗ್ಟನ್ನಿನ ಅನ್ವಯಿಕ ಭಾಷಾವಿಜ್ಞಾನ ಕೇಂದ್ರ ಇಂಥ ಶಾಲೆಗಳಿಗಾಗಿ ಸಿದ್ಧಪಡಿಸಿದ ಮಾರ್ಗದರ್ಶಿ ಸೂತ್ರಗಳ ಮೂರನೆಯ ಆವೃತ್ತಿ 2018ರಲ್ಲಿ ಬಂತು. ಅದರ ಏಳು ವಿಭಾಗಗಳಲ್ಲಿ ಒಂದು ಪೂರ್ತಿ ವಿಭಾಗ ಶಿಕ್ಷಕರ ಗುಣಮಟ್ಟ ಮತ್ತು ವೃತ್ತಿ ಬೆಳವಣಿಗೆಗೆ ಮೀಸಲು. ಪಠ್ಯಕ್ರಮ, ಬೋಧನೆ, ಮೌಲ್ಯಮಾಪನಗಳ ಸಾಲಿನಲ್ಲಿ ಸಮಕ್ಕೆ ಅದನ್ನು ನಿಲ್ಲಿಸಿದ್ದಾರೆ. ನಮ್ಮ ಸುತ್ತೋಲೆಗಳಲ್ಲಿ ಅದಕ್ಕೆ ಸಿಗುವುದು ಕೊನೆಯ ಒಂದು ಸಾಲು.

ಕೆನಡಾದ ಪಾಠ ಬೇರೆ. ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟಿನಲ್ಲಿ ಇಂಗ್ಲಿಷ್ ಮನೆಮಾತಿನ ಪೋಷಕರೇ ಒತ್ತಾಯಿಸಿ 1965ರಲ್ಲಿ ತಮ್ಮ ಮಕ್ಕಳಿಗೆ ಫ್ರೆಂಚ್ ಮಾಧ್ಯಮದ ತರಗತಿ ಶುರು ಮಾಡಿಸಿದರು. ಮಕ್ಕಳು ಚೆನ್ನಾಗಿ ಕಲಿತರು, ಇಂಗ್ಲಿಷೂ ಹಾಳಾಗಲಿಲ್ಲ. ಆದರೆ ವರ್ಷಗಳ ಮೇಲೆ ಮೆರಿಲ್ ಸ್ವೇನ್ ಮತ್ತು ಸಂಗಡಿಗರು ಆ ಮಾದರಿಯ ಮಕ್ಕಳ ಭಾಷೆಯನ್ನು ಹತ್ತಿರದಿಂದ ನೋಡಿದಾಗ ಒಂದು ಕೊರತೆ ಕಂಡಿತು. ಫ್ರೆಂಚ್ ಕೇಳಿ ತಿಳಿಯುವುದರಲ್ಲಿ ಮಕ್ಕಳು ಗಟ್ಟಿ. ಮಾತಾಡುವಾಗ, ಬರೆಯುವಾಗ ಮಾತ್ರ ವ್ಯಾಕರಣದ ತಪ್ಪುಗಳು ವರ್ಷಗಟ್ಟಲೆ ಹಾಗೇ ಉಳಿದಿದ್ದವು. ಕಾರಣ ಹುಡುಕಿದರೆ, ಇಡೀ ದಿನ ಮಾತಾಡುತ್ತಿದ್ದವರು ಶಿಕ್ಷಕರು. ಮಕ್ಕಳು ಕೊಡುತ್ತಿದ್ದ ಉತ್ತರ ಒಂದೆರಡು ಪದದ್ದು. ವಿಷಯ ಕಲಿಸಿದರೆ ಭಾಷೆ ತಾನಾಗಿ ಬರುತ್ತದೆ ಎಂಬ ನಂಬಿಕೆ ಅಲ್ಲಿಗೆ ಅಲುಗಾಡಿತು. ವಿಜ್ಞಾನದ ಮೇಷ್ಟ್ರು ಭಾಷೆಯ ಮೇಷ್ಟ್ರೂ ಆಗಬೇಕು ಎಂಬ ಅರಿವು ಬಂದದ್ದು ಹೀಗೆ.

ಎಡವಿದವರಿಂದ ಕಲಿಯುವುದು ಇನ್ನೂ ಹೆಚ್ಚಿದೆ. ಮಲೇಷ್ಯಾ 2003ರಲ್ಲಿ ಗಣಿತ ಮತ್ತು ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಸಲು ಹೊರಟಿತು. ಹಣಕ್ಕೆ ಕೊರತೆ ಇರಲಿಲ್ಲ. ಶಿಕ್ಷಕರಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಪಾಠದ ಸಿ.ಡಿ. ಕೊಟ್ಟರು, ಸಂಬಳದ ಮೇಲೆ ವಿಶೇಷ ಭತ್ಯೆ ಕೊಟ್ಟರು, ಇಂಗ್ಲಿಷ್ ತರಬೇತಿಗಳನ್ನು ನಡೆಸಿದರು. ಆರು ವರ್ಷ ಕಳೆದು 2009ರ ಜುಲೈನಲ್ಲಿ ಸರ್ಕಾರವೇ ನೀತಿಯನ್ನು ಹಿಂತೆಗೆದುಕೊಳ್ಳುವುದಾಗಿ ಘೋಷಿಸಿತು. ಹಳ್ಳಿಗಾಡಿನ ತರಗತಿಗಳಲ್ಲಿ ಶಿಕ್ಷಕರು ಮಲಯ್ ಭಾಷೆಗೆ ಮರಳುತ್ತಿದ್ದರು ಅಥವಾ ಪುಸ್ತಕದ ಇಂಗ್ಲಿಷನ್ನು ಹಾಗೇ ಓದಿಸುತ್ತಿದ್ದರು. ಮುಂದೆ 2016ರಲ್ಲಿ ಅದೇ ದೇಶ ದ್ವಿಭಾಷಾ ಕಾರ್ಯಕ್ರಮವೆಂಬ ಹೆಸರಿನಲ್ಲಿ ಇಂಗ್ಲಿಷನ್ನು ಮರಳಿ ತಂದಾಗ ಎಲ್ಲ ಶಾಲೆಗಳ ಮೇಲೆ ಹೇರದೆ, ಕಲಿಸಬಲ್ಲ ಶಿಕ್ಷಕರಿರುವ ಶಾಲೆಗಳಷ್ಟೇ ಮುಂದೆ ಬರಲಿ ಎಂಬ ಷರತ್ತು ಹಾಕಿತು. ಮೊದಲ ಬಾರಿ ಶಾಲೆ ಮೊದಲು, ಶಿಕ್ಷಕರು ಆಮೇಲೆ; ಎರಡನೆಯ ಬಾರಿ ಶಿಕ್ಷಕರು ಮೊದಲು.

ರುವಾಂಡಾದ ಕಥೆ ಇದಕ್ಕಿಂತ ಕಠೋರ. 2008ರಲ್ಲಿ ಫ್ರೆಂಚನ್ನು ಬಿಟ್ಟು ಇಂಗ್ಲಿಷ್ ಮಾಧ್ಯಮಕ್ಕೆ ಹೋಗಲು ಸಚಿವ ಸಂಪುಟ ತೀರ್ಮಾನಿಸಿತು. ಫ್ರೆಂಚಿನಲ್ಲಿ, ಕಿನ್ಯಾರ್ವಾಂಡಾದಲ್ಲಿ ಪಾಠ ಮಾಡುತ್ತಿದ್ದ ಶಿಕ್ಷಕರು ಒಂದೆರಡು ರಜೆಗಳ ತರಬೇತಿಯಲ್ಲಿ ಇಂಗ್ಲಿಷ್ ಕಲಿತು ಇಂಗ್ಲಿಷಿನಲ್ಲಿ ಕಲಿಸಬೇಕಾಯಿತು. 2011ರಲ್ಲಿ ಕೆಳಗಿನ ತರಗತಿಗಳಿಗೆ ಮನೆಮಾತು ವಾಪಸು ಬಂತು, 2019ರಲ್ಲಿ ಮತ್ತೆ ಇಂಗ್ಲಿಷ್. ಈ ಹೊಯ್ದಾಟದ ನಡುವೆ ಸರ್ಕಾರ ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ, ಶಾಲೆಯಲ್ಲೇ ಇದ್ದು ಶಿಕ್ಷಕರ ಜೊತೆ ಕೆಲಸ ಮಾಡುವ ಇಂಗ್ಲಿಷ್ ಮಾರ್ಗದರ್ಶಕರನ್ನು ನೇಮಿಸಿದ್ದು. ಕೇಂದ್ರಕ್ಕೆ ಕರೆಸಿ ಕೊಡುವ ತರಬೇತಿ ತಲುಪುತ್ತಿಲ್ಲವೆಂದು ಸರ್ಕಾರಕ್ಕೆ ಬೇಗ ಮನವರಿಕೆಯಾಗಿತ್ತು.

ವೇಲ್ಸ್ ನನಗೆ ಇವೆಲ್ಲಕ್ಕಿಂತ ಹತ್ತಿರದ್ದು ಅನ್ನಿಸುತ್ತದೆ. ಅಲ್ಲಿಯೂ ಇಂಗ್ಲಿಷಿನ ಎದುರು ತನ್ನ ಭಾಷೆಯನ್ನು ಉಳಿಸಿಕೊಳ್ಳುವ ಪ್ರಶ್ನೆ. ಎರಡು ಸಂಗತಿ ಅಲ್ಲಿಂದ ಬಂದಿವೆ. ಒಂದು, ಕೆನ್ ವಿಲಿಯಮ್ಸ್ ಎಂಬ ಶಿಕ್ಷಣತಜ್ಞ 1994ರಲ್ಲಿ ತಮ್ಮ ಸಂಶೋಧನೆಯಲ್ಲಿ ಹೆಸರಿಟ್ಟ ಬೋಧನಾ ಕ್ರಮ. ಮಗು ಒಂದು ಭಾಷೆಯಲ್ಲಿ ಓದುತ್ತದೆ ಅಥವಾ ಕೇಳುತ್ತದೆ, ಅದರ ಬಗ್ಗೆ ಇನ್ನೊಂದು ಭಾಷೆಯಲ್ಲಿ ಮಾತಾಡುತ್ತದೆ ಅಥವಾ ಬರೆಯುತ್ತದೆ. ಇಂಗ್ಲಿಷಿನಲ್ಲಿ ಓದಿದ್ದನ್ನು ವೆಲ್ಶಿನಲ್ಲಿ ಬರೆಯಬೇಕಾದರೆ ನಕಲು ಹೊಡೆಯಲು ಬರುವುದಿಲ್ಲ, ಅರ್ಥ ಆಗಲೇಬೇಕು. ನಮ್ಮ ತರಗತಿಯ ವಾಕ್ಯಕ್ಕೊಂದು ಅನುವಾದಕ್ಕೂ ಇದಕ್ಕೂ ಇರುವ ಅಂತರ ಗಮನಿಸಬೇಕು. ನಮ್ಮಲ್ಲಿ ದಾಟುವವರು ಟೀಚರು, ವೇಲ್ಸಿನ ಕ್ರಮದಲ್ಲಿ ದಾಟುವುದು ಮಗು. ಇನ್ನೊಂದು, ವೇಲ್ಸ್ ಸರ್ಕಾರ ಶಿಕ್ಷಕರಿಗೆ ಕೊಡುವ ಕಲಿಕಾ ರಜೆ. ವೆಲ್ಶ್ ಸರಿಯಾಗಿ ಬರದ, ಅಥವಾ ಬಂದರೂ ಅದರಲ್ಲಿ ಪಾಠ ಮಾಡಿ ರೂಢಿಯಿಲ್ಲದ ಶಿಕ್ಷಕರು ಸಂಬಳ ಸಹಿತ ತಿಂಗಳುಗಟ್ಟಲೆ ತರಗತಿಯಿಂದ ಬಿಡುವು ಪಡೆದು ಭಾಷೆ ಕಲಿಯಬಹುದು. ಅವರ ಜಾಗಕ್ಕೆ ಬರುವ ಬದಲಿ ಶಿಕ್ಷಕರ ಖರ್ಚನ್ನು ಸರ್ಕಾರವೇ ಭರಿಸುತ್ತದೆ. 2050ರ ಹೊತ್ತಿಗೆ ಹತ್ತು ಲಕ್ಷ ವೆಲ್ಶ್ ಮಾತುಗಾರರು ಇರಬೇಕೆಂಬ ಗುರಿ ಇಟ್ಟುಕೊಂಡ ದೇಶಕ್ಕೆ, ಆ ಗುರಿ ತರಗತಿಯ ಬಾಗಿಲಿನಿಂದಲೇ ಒಳಗೆ ಬರಬೇಕೆಂಬ ಅರಿವಿದೆ.

ಬದಲಿ ಶಿಕ್ಷಕರ ಮಾತು ಬಂದಿದ್ದರಿಂದ ನಮ್ಮ ಕಡೆಗೆ ಹೊರಳುತ್ತೇನೆ. ನಮ್ಮ ಹಳ್ಳಿ ಶಾಲೆಗಳಲ್ಲಿ ಇಬ್ಬರು ಶಿಕ್ಷಕರಿದ್ದರೆ, ಒಬ್ಬರು ತರಬೇತಿಗೆಂದು ಹೊರಟರೆ, ಉಳಿದೊಬ್ಬರು ಐದೂ ತರಗತಿ ನೋಡಬೇಕು, ಬಿಸಿಯೂಟ ನೋಡಬೇಕು, ಮಾಹಿತಿ ಕೇಳಿ ಬರುವ ಫೋನಿಗೂ ಉತ್ತರಿಸಬೇಕು. ತರಬೇತಿಯಲ್ಲಿ ಕೂತವರ ಮನಸ್ಸು ಶಾಲೆಯಲ್ಲಿರುತ್ತದೆ. ತರಬೇತಿಯೆಂದರೆ ಶಿಕ್ಷಕರಿಗೆ ಬೇಸರ ಎಂದು ಹೇಳುವವರು ಈ ನೋವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ನಮ್ಮಲ್ಲಿ ತರಬೇತಿಯ ವ್ಯವಸ್ಥೆ ಇಲ್ಲವೆಂದಲ್ಲ. 1986ರ ಶಿಕ್ಷಣ ನೀತಿಯ ನಂತರ ಹುಟ್ಟಿದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಾದ ಡಯಟ್‌ಗಳು ಜಿಲ್ಲೆ ಜಿಲ್ಲೆಗಿವೆ. ರಾಜ್ಯ ಮಟ್ಟದಲ್ಲಿ ಡಿ.ಎಸ್.ಇ.ಆರ್.ಟಿ. ಇದೆ, ಬ್ಲಾಕಿಗೊಂದು ಬಿ.ಆರ್.ಸಿ. ಎಂಬ ಸಂಪನ್ಮೂಲ ಕೇಂದ್ರವಿದೆ, ಕ್ಲಸ್ಟರಿಗೊಬ್ಬರು ಸಿ.ಆರ್.ಪಿ. ಎಂಬ ಸಂಪನ್ಮೂಲ ವ್ಯಕ್ತಿ ಇದ್ದಾರೆ. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ, ಅಂದರೆ ಕೋರಲ್ ವೇ ಶಾಲೆಯ ಪ್ರಯೋಗ ಶುರುವಾದ ವರ್ಷದಿಂದಲೇ, ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆ ಕಲಿಸುತ್ತ ಬಂದಿದೆ. ಅಲ್ಲಿ 30 ದಿನದ ತರಬೇತಿ ಮುಗಿಸಿ ಬಂದ ಅನೇಕ ಶಿಕ್ಷಕರು ಅದನ್ನು ಪ್ರೀತಿಯಿಂದ ನೆನೆಯುತ್ತಾರೆ. 2019ರಲ್ಲಿ ಕೇಂದ್ರ ಸರ್ಕಾರ ಸುಮಾರು 42 ಲಕ್ಷ ಶಿಕ್ಷಕರನ್ನು ತಲುಪುವ ಗುರಿಯಿಂದ ನಿಷ್ಠಾ ಎಂಬ ತರಬೇತಿ ಕಾರ್ಯಕ್ರಮ ಶುರು ಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಯ ವೃತ್ತಿ ಬೆಳವಣಿಗೆ ಬೇಕೆಂದಿತು, ಮನೆಮಾತು ಬೇರೆಯಾದ ಮಕ್ಕಳಿಗೆ ದ್ವಿಭಾಷಾ ಬೋಧನೆ ಇರಲೆಂದೂ ಹೇಳಿತು. ವ್ಯವಸ್ಥೆ ದೊಡ್ಡದು. ಅದರ ಹರಿವು ಮಾತ್ರ ಮೇಲಿನಿಂದ ಕೆಳಕ್ಕೆ. ರಾಜ್ಯ ಮಟ್ಟದಲ್ಲಿ ಕಲಿತ ಸಂಪನ್ಮೂಲ ವ್ಯಕ್ತಿಗಳು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ, ತಾಲ್ಲೂಕಿನವರು ಶಿಕ್ಷಕರಿಗೆ. ಪ್ರತಿ ಮೆಟ್ಟಿಲಿನಲ್ಲೂ ಸ್ವಲ್ಪ ಸೋರುತ್ತದೆ. ಮಾಹಿತಿಯಾದರೆ ಹೀಗೆ ಇಳಿಸಬಹುದು, ಕಸುಬನ್ನು ಇಳಿಸಲಾಗದು. ಮಗ್ಗದ ಮುಂದೆ ಕೂರದೆ ನೇಯ್ಗೆ ಬಂದವರುಂಟೇ? ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ಹೊತ್ತಿಗೇ ಶಿಕ್ಷಕರ ತರಬೇತಿಯ ಬಗ್ಗೆ ಇದನ್ನೇ ವಾದಿಸಿದ್ದರು. ಉಪನ್ಯಾಸ, ಪ್ರಾತ್ಯಕ್ಷಿಕೆ ಎಲ್ಲ ಆದ ಮೇಲೂ ಹೊಸ ವಿಧಾನ ತರಗತಿಯಲ್ಲಿ ನೆಲೆಯೂರಬೇಕಾದರೆ, ತರಗತಿಯಲ್ಲಿ ಪಕ್ಕದಲ್ಲಿ ನಿಲ್ಲುವ ಒಬ್ಬ ಜೊತೆಗಾರ ಬೇಕು.

ಇದು ಆಗದ ಮಾತೇನಲ್ಲ. ನಮ್ಮ ನಾಡಿನಲ್ಲೇ ಒಮ್ಮೆ ಆಗಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡುಗಳ ಮೂಲಕ ತಮ್ಮದೇ ವೇಗದಲ್ಲಿ ಕಲಿಯುವುದನ್ನು ನೋಡಿದರು. ವಾಪಸು ಬಂದು, ಯುನಿಸೆಫ್ ನೆರವಿನಲ್ಲಿ, ತಾವೇ ಕೂತು ಕನ್ನಡಕ್ಕೆ, ತಮ್ಮ ಮಕ್ಕಳಿಗೆ ಹೊಂದುವ ಕಾರ್ಡು, ಕಲಿಕಾ ಏಣಿ, ಹಾಡು, ಕಥೆ ಸಿದ್ಧಪಡಿಸಿದರು. ನಲಿ-ಕಲಿ ಹುಟ್ಟಿದ್ದು ಹೀಗೆ. ಯಾವ ಅಕ್ಷರ ಮೊದಲು, ಯಾವುದು ನಂತರ ಎಂದು ಶಿಕ್ಷಕರು ತಮ್ಮೊಳಗೆ ವಾದಿಸಿ ನಿರ್ಧರಿಸಿದ್ದರು. ಆ ವಾದವೇ ಅವರ ತರಬೇತಿಯಾಗಿತ್ತು. ಮುಂದೆ ಅದು ರಾಜ್ಯದ ಎಲ್ಲ ಶಾಲೆಗಳಿಗೂ ಹೋದಾಗ ಕಾರ್ಡುಗಳು ಅಚ್ಚಾಗಿ ಬಂದವು, ಜೊತೆಗೆ ಕೆಲವು ದಿನದ ತರಬೇತಿ ಬಂತು. ಕಾರ್ಡು ತಲುಪಿತು, ಕಾರ್ಡನ್ನು ಹುಟ್ಟಿಸಿದ ವಾದ ತಲುಪಲಿಲ್ಲ. ನಲಿ-ಕಲಿ ಚೆನ್ನಾಗಿ ನಡೆಯುವ ತರಗತಿ ನೋಡಿದವರಿಗೆ ಅದರ ಸೊಗಸು ಗೊತ್ತು. ಮಕ್ಕಳು ಗುಂಪಾಗಿ ಕೂರಬೇಕಾದ ತಟ್ಟೆಗಳ ಹೆಸರಷ್ಟೇ ಗೋಡೆಯ ಮೇಲಿದ್ದು ಮಕ್ಕಳೆಲ್ಲ ಒಂದೇ ಸಾಲಿನಲ್ಲಿ ಕೂತಿರುವ ತರಗತಿಗಳೂ ಉಂಟು. 2017ರ ಹೊತ್ತಿಗೆ ಬಂದ ಗುರುಚೇತನ, ಶಿಕ್ಷಕರು ತಮಗೆ ಬೇಕಾದ ವಿಷಯದ ತರಬೇತಿಯನ್ನು ತಾವೇ ಆರಿಸಿಕೊಳ್ಳಲಿ ಎಂದು ಹೊರಟದ್ದು ಈ ಕೊರತೆಯನ್ನು ಬಲ್ಲವರ ಕೆಲಸ. ದ್ವಿಭಾಷಾ ತರಗತಿಗೆ ಅಂಥದ್ದು ಇನ್ನೂ ಗಟ್ಟಿಯಾಗಿ ಬೇಕು.

ಯಾಕೆ ಗಟ್ಟಿಯಾಗಿ ಬೇಕು ಎಂಬುದಕ್ಕೆ ಒಂದು ಪಾಠವನ್ನೇ ತೆಗೆದುಕೊಳ್ಳುತ್ತೇನೆ. ಭಿನ್ನರಾಶಿ. ಕನ್ನಡದಲ್ಲಿ ಮೂರನೇ ಎರಡು ಎನ್ನುತ್ತೇವೆ, ವಿಧಾನಸಭೆಯ ಮೂರನೇ ಎರಡರಷ್ಟು ಬಹುಮತ ಎಂದು ಪತ್ರಿಕೆಗಳು ಬರೆಯುತ್ತವೆ. ಛೇದ ಮೊದಲು, ಅಂಶ ಆಮೇಲೆ. ಇಂಗ್ಲಿಷಿನಲ್ಲಿ ಟೂ ಥರ್ಡ್ಸ್, ಅಂಶ ಮೊದಲು. ಬರೆಯುವಾಗಲೂ ಎರಡನ್ನು ಮೇಲೆ ಬರೆಯುತ್ತೇವೆ. ಮೂರನೇ ಎರಡು ಎಂದು ಕೇಳಿದ ಮಗು ಮೂರನ್ನು ಮೇಲೆ, ಎರಡನ್ನು ಕೆಳಗೆ ಬರೆದರೆ ಅದು ದಡ್ಡತನವಲ್ಲ, ಕೇಳಿದ ಕ್ರಮದಲ್ಲೇ ಬರೆದಿದೆ. ಇದೇ ಕನ್ನಡದಲ್ಲಿ ಇನ್ನೊಂದು ದಾರಿಯೂ ಇದೆ. ಮುಕ್ಕಾಲು. ಮೂರು ಕಾಲು ಸೇರಿ ಮುಕ್ಕಾಲು. ಇದರ ಕ್ರಮ ಇಂಗ್ಲಿಷಿನ ತ್ರೀ ಕ್ವಾರ್ಟರ್ಸ್ ಜೊತೆ ಪದಕ್ಕೆ ಪದ ಕೂಡುತ್ತದೆ. ಅಜ್ಜಿಯ ಬಾಯಲ್ಲಿ ಇನ್ನೂ ಉಳಿದಿರುವ ಅರೆಕಾಲು ಎಂಬ ಮಾತು ತೆಗೆದುಕೊಳ್ಳಿ. ಕಾಲಿನ ಅರ್ಧ, ಅಂದರೆ ಎಂಟನೇ ಒಂದು. ಭಿನ್ನರಾಶಿಯ ಗುಣಾಕಾರ ಆ ಒಂದು ಪದದೊಳಗೆ ಕೂತಿದೆ. ಅಂಶ, ಛೇದ ಎಂಬ ಸಂಸ್ಕೃತ ಪದಗಳೂ ನ್ಯೂಮರೇಟರ್, ಡಿನಾಮಿನೇಟರ್ ಎಂಬ ಇಂಗ್ಲಿಷ್ ಪದಗಳೂ ಮಗುವಿಗೆ ಸಮಾನವಾಗಿ ಹೊಸವು. ಮುಕ್ಕಾಲು ಮಾತ್ರ ಅದರ ಮನೆಯ ಪದ. ಮನೆಯ ಪದದಿಂದ ಹೊರಟು ಎರಡೂ ಪುಸ್ತಕದ ಪದಗಳಿಗೆ ಸೇತುವೆ ಕಟ್ಟುವುದು ದ್ವಿಭಾಷಾ ಶಿಕ್ಷಕಿಯ ಕೆಲಸ. ಇಂಗ್ಲಿಷ್ ಚೆನ್ನಾಗಿ ಬಂದ ಮಾತ್ರಕ್ಕೆ ಇದು ಬರುವುದಿಲ್ಲ. ಕನ್ನಡವನ್ನು ಹೊಸ ಕಣ್ಣಿನಿಂದ ನೋಡಬೇಕು, ಗಣಿತ ಗೊತ್ತಿರಬೇಕು, ಎರಡನ್ನೂ ಪಕ್ಕಪಕ್ಕ ಇಟ್ಟು ಯೋಚಿಸಲು ಬಿಡುವಿರಬೇಕು.

ಕಳೆಯುವ ಲೆಕ್ಕವೂ ಹೀಗೇ. ಹದಿನೈದರಲ್ಲಿ ಎಂಟು ಕಳೆ ಎಂದಾಗ ಮಾತಿನ ಕ್ರಮ, ಬರಹದ ಕ್ರಮ ಒಂದೇ. ಟೇಕ್ ಅವೇ ಎಯ್ಟ್ ಫ್ರಮ್ ಫಿಫ್ಟೀನ್ ಎಂದಾಗ ಎಂಟು ಮೊದಲು ಕಿವಿಗೆ ಬೀಳುತ್ತದೆ. ಇನ್ನು ಓದು ಬರಹಕ್ಕೆ ಬಂದರೆ, ಕನ್ನಡದ ಮಗು ‘ಕಾ’ ಎಂಬುದನ್ನು ಒಂದು ಇಡೀ ಅಕ್ಷರವಾಗಿ ನೋಡಿ ಕಲಿತಿರುತ್ತದೆ. ಇಂಗ್ಲಿಷಿನ ಅಕ್ಷರಕ್ಕೆ ಹೆಸರೊಂದು, ದನಿ ಇನ್ನೊಂದು, ಪದ ಬದಲಾದರೆ ದನಿಯೂ ಬದಲು. ಇವನ್ನೆಲ್ಲ ತಿಳಿದ ಶಿಕ್ಷಕಿಗೆ ಮಗುವಿನ ತಪ್ಪುಗಳು ಬೇರೆಯಾಗಿಯೇ ಕಾಣುತ್ತವೆ. ಉತ್ತರ ಪತ್ರಿಕೆಯಲ್ಲಿ ಕೆಂಪು ಗೆರೆ ಎಳೆಯುವ ಮೊದಲು, ಇದು ಗಣಿತದ ತಪ್ಪೋ ಭಾಷೆಯ ತಪ್ಪೋ ಎಂದು ಕೇಳಿಕೊಳ್ಳಲು ಬರುತ್ತದೆ. ಜಿಮ್ ಕಮಿನ್ಸ್ 1979ರಲ್ಲಿ ಎಳೆದ ಗೆರೆಯೂ ಇಲ್ಲಿ ನೆನಪಿಗೆ ಬರಬೇಕು: ಆಟದ ಬಯಲಿನ ಮಾತು ಬೇಗ ಬರುತ್ತದೆ, ಪಾಠದ ಭಾಷೆಗೆ ಅದಕ್ಕಿಂತ ಬಹಳ ವರ್ಷ ಹಿಡಿಯುತ್ತದೆ. ಮೂರನೇ ತರಗತಿಯ ಮಗು ಇಂಗ್ಲಿಷಿನಲ್ಲಿ ‘ಮೇ ಐ ಕಮಿನ್ ಮಿಸ್’ ಎಂದದ್ದು ಕೇಳಿ ಪೋಷಕರಿಗೆ ಸಂತೋಷವಾಗುತ್ತದೆ. ಆ ಮಗು ಇಂಗ್ಲಿಷಿನಲ್ಲಿ ಬರೆದ ಲೆಕ್ಕದ ಸಮಸ್ಯೆ ಓದಬಲ್ಲದೇ ಎಂಬುದು ಬೇರೆಯೇ ಪ್ರಶ್ನೆ. ಈ ವ್ಯತ್ಯಾಸವನ್ನು ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರಿಗೆ ಬಿಡಿಸಿ ಹೇಳುವ ಧೈರ್ಯವೂ ಶಿಕ್ಷಕಿಗೆ ತರಬೇತಿಯಿಂದ ಬರಬೇಕು.

ಇನ್ನೊಂದು ಮಾತು ನನ್ನನ್ನು ಬಹಳ ಕಾಡುತ್ತದೆ. ನಮ್ಮ ದ್ವಿಭಾಷಾ ಪುಸ್ತಕ ಕನ್ನಡ ಮನೆಮಾತೆಂದು ಹಿಡಿದು ಹೊರಡುತ್ತದೆ. ವಿಜಯಪುರ, ಕಲಬುರಗಿಯ ತಾಂಡಾಗಳ ಮಗುವಿಗೆ ಮನೆಯಲ್ಲಿ ಲಂಬಾಣಿ. ಕರಾವಳಿಯಲ್ಲಿ ತುಳು, ಬ್ಯಾರಿ, ಕೊಂಕಣಿ. ಕೊಡಗಿನಲ್ಲಿ ಕೊಡವ, ಊರೂರಲ್ಲಿ ಉರ್ದು, ಗಡಿಯಲ್ಲಿ ಮರಾಠಿ, ತೆಲುಗು, ತಮಿಳು. ಬೀದರಿನ ಮಗುವಿನ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ದೂರ ಕಡಿಮೆಯೇನಲ್ಲ. ಇವರಿಗೆ ಎರಡು ಭಾಷೆಯ ತರಗತಿಯೆಂದರೆ ಬರದ ಎರಡು ಭಾಷೆಯ ತರಗತಿ. ಒಡಿಶಾ 2006-07ರ ಹೊತ್ತಿಗೆ ಸಂತಾಲಿ, ಸವರ, ಕುಯಿ, ಕೋಯ, ಬೊಂಡ ಸೇರಿ ಹತ್ತು ಆದಿವಾಸಿ ಭಾಷೆಗಳಲ್ಲಿ ಶಾಲೆ ಶುರು ಮಾಡಿದಾಗ ಆಯಾ ಸಮುದಾಯದಿಂದಲೇ ಶಿಕ್ಷಕರನ್ನು ತೆಗೆದುಕೊಂಡು, ಪಾಠದ ಸಾಮಗ್ರಿಯನ್ನು ಅವರೊಂದಿಗೇ ಕೂತು ಸಿದ್ಧಪಡಿಸಿತು. ತಾಂಡಾದ ಶಾಲೆಯಲ್ಲಿ ಲಂಬಾಣಿ ಬಲ್ಲ ಶಿಕ್ಷಕರು ಇರುವುದೇ ಒಂದು ದೊಡ್ಡ ಅರ್ಹತೆ ಎಂದು ನಮ್ಮ ನೇಮಕಾತಿ, ವರ್ಗಾವಣೆಗಳು ಇನ್ನೂ ಪರಿಗಣಿಸುವುದಿಲ್ಲ.

ಶಿಕ್ಷಕರಿಗೆ ಮಕ್ಕಳ ಭಾಷೆ ಬರದಿದ್ದರೆ ಏನಾಗುತ್ತದೆ ಎಂಬುದು ಕಾಸರಗೋಡಿನ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರು ನೇಮಕವಾಗಿ ಬಂದಾಗ ಮಕ್ಕಳೂ ಪೋಷಕರೂ ಶಾಲೆಯ ಮುಂದೆ ಕೂತು ಪ್ರತಿಭಟಿಸಿದ್ದುಂಟು. ಭಾಷೆ ಬಾರದ ಶಿಕ್ಷಕರ ಮೇಲೆ ನಮಗೆ ಕೋಪ ಬರುತ್ತದೆ, ಅದು ನ್ಯಾಯವೇ. ಆದರೆ ಅವರಿಗೆ ಭಾಷೆ ಕಲಿಸಲು ಎಷ್ಟು ಕಾಲ ಬೇಕು ಎಂಬುದನ್ನೂ ಕೇಳಬೇಕು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರ ಬೇರೆ ರಾಜ್ಯಗಳ ಶಿಕ್ಷಕರಿಗೆ ದಕ್ಷಿಣದ ಭಾಷೆ ಕಲಿಸಲು ಇಟ್ಟುಕೊಂಡ ಅವಧಿ ಹತ್ತು ತಿಂಗಳು. ಶಿಕ್ಷಕರು ಅಲ್ಲೇ ಉಳಿದು, ದಿನವೂ ಕಲಿಯುತ್ತಾರೆ. ಒಂದು ಭಾಷೆಯನ್ನು ಪಾಠ ಮಾಡುವ ಮಟ್ಟಕ್ಕೆ ತರಲು ಹತ್ತು ತಿಂಗಳು ಬೇಕೆಂದು ನಮ್ಮದೇ ದೇಶದ ಸಂಸ್ಥೆಯೊಂದು ದಶಕಗಳಿಂದ ಬಲ್ಲದು. ದ್ವಿಭಾಷಾ ವಿಭಾಗದ ಶಿಕ್ಷಕಿಗೆ ನಾವು ಕೊಡುವುದು ದಿನಗಳ ಲೆಕ್ಕದಲ್ಲಿ. ಅತಿಥಿ ಶಿಕ್ಷಕಿಯಾದರೆ ಸಾಮಾನ್ಯವಾಗಿ ಅಷ್ಟೂ ಇಲ್ಲ. ಮುಂದಿನ ವರ್ಷ ಅವರು ಇರುತ್ತಾರೋ ಇಲ್ಲವೋ ಎಂಬ ಕಾರಣಕ್ಕೆ ತರಬೇತಿಯ ಪಟ್ಟಿಯಲ್ಲಿ ಅವರ ಹೆಸರೇ ಬರುವುದಿಲ್ಲ, ಪಾಠ ಮಾತ್ರ ಅವರೇ ಮಾಡುತ್ತಾರೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಹೊಸ ಸಂಸ್ಥೆ, ಹೊಸ ಆ್ಯಪ್ ಬೇಕಿಲ್ಲ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ನಮ್ಮಲ್ಲಿ ಮೊದಲಿಂದಲೂ ಇದೆ. ಸುತ್ತೋಲೆ ಓದಲು, ಅಂಕಿಅಂಶ ಒಪ್ಪಿಸಲು ಹೋಗುವ ಆ ಹೊತ್ತಿನಲ್ಲಿ ಎರಡು ಗಂಟೆ ಒಂದೇ ಒಂದು ಪಾಠಕ್ಕೆ ಕೊಡಬಹುದು. ಆ ತಿಂಗಳು ಭಿನ್ನರಾಶಿ ಎಂದುಕೊಳ್ಳಿ. ದ್ವಿಭಾಷಾ ವಿಭಾಗ ಇರುವ ಐದಾರು ಶಾಲೆಯ ಶಿಕ್ಷಕಿಯರು ತಮ್ಮ ಮಕ್ಕಳ ನೋಟ್‌ಬುಕ್ಕುಗಳನ್ನೇ ತಂದು ಮೇಜಿನ ಮೇಲೆ ಹರಡಲಿ. ಯಾವ ಮಗು ಎಲ್ಲಿ ಮೂರನ್ನು ಮೇಲೆ ಬರೆದಿದೆ ಎಂದು ನೋಡಲಿ. ಕನ್ನಡದಲ್ಲಿ ಮಾತಾಡಿಸಬೇಕಾದ್ದು ಯಾವುದು, ಇಂಗ್ಲಿಷಿನಲ್ಲಿ ಬರೆಸಬೇಕಾದ್ದು ಯಾವುದು ಎಂದು ವಾದಿಸಲಿ. ಮುಂದಿನ ವಾರ ಅವರಲ್ಲಿ ಇಬ್ಬರು, ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕೂತು ನೋಡಿ ಬರಲಿ. ಅವರ ಬದಲಿಗೆ ಆ ದಿನ ಶಾಲೆ ನೋಡಿಕೊಳ್ಳಲು ಒಬ್ಬರನ್ನು ಕಳುಹಿಸುವುದು ಬಿ.ಇ.ಒ. ಕಚೇರಿಯ ಹೊಣೆಯಾಗಲಿ. ಜ್ಞಾನಭಾರತಿಯಲ್ಲಿ 30 ದಿನದ ತರಬೇತಿ ಮುಗಿಸಿದವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅವರನ್ನು ಈ ಮೇಜಿನ ಸುತ್ತ ಕೂರಿಸಬಹುದು. ಡಯಟ್‌ನ ಉಪನ್ಯಾಸಕರೊಬ್ಬರು ವರ್ಷಕ್ಕೆ ಒಮ್ಮೆ ಬಂದು ಭಾಷಣ ಮಾಡುವ ಬದಲು ಇಡೀ ವರ್ಷ ಎರಡು ಕ್ಲಸ್ಟರುಗಳ ಜೊತೆಗೇ ಉಳಿಯಬಹುದು. ಅತಿಥಿ ಶಿಕ್ಷಕಿಯೂ ಅಲ್ಲಿ ಕೂರಲಿ, ಬಸ್ ಚಾರ್ಜಿನ ಸಮೇತ.

ಆ ಸಭೆಯಲ್ಲಿ ಯಾರಾದರೂ ಒಬ್ಬ ಟೀಚರು, ತಮ್ಮ ತರಗತಿಯ ಹುಡುಗಿಯೊಬ್ಬಳು ಅರೆಕಾಲು ಎಂದರೆ ಏನೆಂದು ಅಜ್ಜಿಯನ್ನು ಕೇಳಿಕೊಂಡು ಬಂದಳು, ಮರುದಿನ ಒಂದು ರೊಟ್ಟಿಯನ್ನು ಎಂಟು ಚೂರು ಮಾಡಿ ತೋರಿಸುತ್ತ ‘ಮಿಸ್, ಇದು ಒನ್ ಬೈ ಎಯ್ಟ್’ ಅಂದಳು ಎಂದು ಹೇಳಬಹುದು. ಪಕ್ಕದ ಶಾಲೆಯ ಟೀಚರು ಅದನ್ನು ತಮ್ಮ ಪಾಠ ಯೋಜನೆಯ ಪುಸ್ತಕದಲ್ಲಿ ಬರೆದುಕೊಳ್ಳಬಹುದು, ಸೋಮವಾರದ ಮೊದಲ ಪೀರಿಯಡ್ಡಿಗೆ.